ರೀಲಿಲ್ಲದ ಕ್ಯಾಮೆರಾ

ಕಲಬುರಗಿಯ ಮೋಮಿನಪುರದ ಅಮೀನಾಬಿ ಕ್ಯಾಮೆರಾ ಹಿಡಿದದ್ದು 1985ರಲ್ಲಿ, ಅದೂ ತನ್ನ ಆಸೆಯಿಂದಲ್ಲ. ಮಸೀದಿಯ ಹಿಂದಿನ ಓಣಿಯಲ್ಲಿ ಅವಳ ಗಂಡ ಇಮಾಮುದ್ದೀನನದೊಂದು ಸಣ್ಣ ಸ್ಟುಡಿಯೊ ಇತ್ತು. ಅವನು ಮದುವೆಮನೆಗೆ ಹೋದರೆ ಗಂಡಸರ ಫೋಟೋ ಚೆನ್ನಾಗಿ ಬರುತ್ತಿದ್ದವು. ಹೆಂಗಸರ ಕೋಣೆಯ ಬಾಗಿಲಿಗೆ ಹೋದನೋ, ಅಷ್ಟೂ ಜನ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಮೆಹಂದಿ ಹಚ್ಚಿದ ಎರಡು ಕೈ, ಕಾಲುಂಗುರ, ಹಾಸಿದ ಜಮಖಾನೆ ಇಷ್ಟೇ ಅವನ ರೀಲಿನಲ್ಲಿ ಬರುತ್ತಿತ್ತು. ಒಂದು ಮನೆಯ ಮುದುಕಿ ಖಡಾಖಂಡಿತ ಹೇಳಿದಳು, "ನಿನ್ನ ಹೇಣ್ತೀನ ಕಳಸಪ್ಪ. ಇಲ್ಲಾಂದ್ರ ನಮಗ ಫೋಟೋನೇ ಬ್ಯಾಡ."

ಹಾಗೆ ಅಮೀನಾ ಕಲಿತಳು. ಮೊದಲ ರೀಲಿನಲ್ಲಿ ಅರ್ಧಕ್ಕರ್ಧ ಮಂದಿಯ ತಲೆಯೇ ಇರಲಿಲ್ಲ. ಆರು ತಿಂಗಳಲ್ಲಿ ಕೈ ಹದಕ್ಕೆ ಬಂತು. ಬಚ್ಚಲಿನ ಪಕ್ಕದ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಾಕಿಕೊಂಡು ರೀಲು ತೊಳೆಯುವುದನ್ನೂ, ಕಾಗದದ ಮೇಲೆ ಮುಖ ಮೂಡಿಸುವುದನ್ನೂ ತಾನೇ ಮಾಡತೊಡಗಿದಳು. ಹೆಂಗಸರ ರೀಲು ಒಳಗಿದ್ದಾಗ ಇಮಾಮುದ್ದೀನ್ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಫೋಟೋ ತಯಾರಾದ ಮೇಲೆ ಅವನ್ನೂ ನೆಗೆಟಿವ್‌ಗಳನ್ನೂ ಒಂದೇ ಖಾಕಿ ಲಕೋಟೆಗೆ ಹಾಕಿ, ಅಂಟು ಹಚ್ಚಿ, ಹುಡುಗಿಯ ತಾಯಿಯ ಕೈಗೇ ಕೊಟ್ಟು ಅಮೀನಾ ಒಂದು ಮಾತು ಹೇಳುತ್ತಿದ್ದಳು, "ಇನ್ನ ನನ್ನ ಕಡೆ ಏನೂ ಇಲ್ಲ."

ಜನ ಅವಳನ್ನು ಕರೆಯುತ್ತಿದ್ದದ್ದು ಈ ಮಾತಿಗೆ. ಅವಳಿಗಿಂತ ಚೆಂದ ಫೋಟೋ ತೆಗೆಯುವವರು ಊರಲ್ಲಿ ಬೇಕಾದಷ್ಟಿದ್ದರು. ಆದರೆ ಊರೊಳಗಿನ ರೋಜಾ ಓಣಿಯಿಂದ, ಆಳಂದದಿಂದ, ಹಳ್ಳಿಗಳಿಂದ ಕೂಡ ಅವಳಿಗೇ ಕರೆ ಬರುತ್ತಿತ್ತು. ಗಂಡು ನೋಡುವ ಮುಂಚೆ ಮಗಳ ಫೋಟೋ ಕಳಿಸಬೇಕಾದ ಬ್ರಹ್ಮಪುರದ ಬ್ರಾಹ್ಮಣರ ಮನೆಗಳವರೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಣ್ಣದ ರೀಲು ಬಂದ ಮೇಲೆ ಅದನ್ನು ಮನೆಯಲ್ಲಿ ತೊಳೆಯಲು ಆಗುತ್ತಿರಲಿಲ್ಲ. ಸೂಪರ್ ಮಾರ್ಕೆಟ್ ಹತ್ತಿರದ ದೇವೀಂದ್ರಪ್ಪನ ಲ್ಯಾಬಿಗೆ ಹೋಗಬೇಕಾಯಿತು. ಅಮೀನಾ ಅವನಿಗೆ ಎಲ್ಲ ಬಿಡಿಸಿ ಹೇಳಿದ್ದಳು. ಅವಳ ರೀಲು ಯಂತ್ರಕ್ಕೆ ಹಾಕಿದ ದಿನ ದೇವೀಂದ್ರಪ್ಪ ಫೋಟೋ ಬೀಳುವ ತಟ್ಟೆಯ ಮೇಲೆ ತನ್ನ ಟವೆಲ್ ಮುಚ್ಚಿ, ಹೊರಗೆ ಹೋಗಿ ಚಹಾ ಕುಡಿಯುತ್ತಿದ್ದ. ಹನ್ನೆರಡು ವರ್ಷ ಆ ಮನುಷ್ಯ ಒಂದು ಸಲವೂ ಟವೆಲ್ ಎತ್ತಿ ನೋಡಲಿಲ್ಲ.

2005ರ ಮಳೆಗಾಲದಲ್ಲಿ ಇಮಾಮುದ್ದೀನ್ ಹೈದರಾಬಾದಿಗೆ ಹೋಗಿ ಡಿಜಿಟಲ್ ಕ್ಯಾಮೆರಾ ತಂದ.

"ಇದರಾಗ ರೀಲಿಲ್ಲ, ತೊಳಿಯೋದಿಲ್ಲ. ಒತ್ತಿದ್ದ ತಡ, ಹಿಂದ ಕಾಣಸ್ತದ ನೋಡು," ಎಂದು ಸಣ್ಣ ಹುಡುಗನ ಹಾಗೆ ಹಿಗ್ಗಿದ.

"ಹಿಂದ ಕಾಣಸಿದ್ರ ಹಿಂದ ನಿಂತವರಿಗೂ ಕಾಣಸ್ತದಲ್ಲ?" ಎಂದಳು ಅಮೀನಾ.

"ಕಾಣಸ್ಲಿ ಬಿಡು. ಈಗಿನ ಮಂದಿಗೆ ಅದೇ ಬೇಕಾಗೇದ. ಮೂರ್ ದಿನ ಯಾರ್ ಕಾಯ್ತಾರ?"

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಬರುವವರೆಲ್ಲ ಅದನ್ನೇ ಕೇಳುತ್ತಿದ್ದರು. ಮರುವರ್ಷ ಬೇಸಿಗೆಯಲ್ಲಿ ರೋಜಾದ ಮಾಲನ್‌ಬೀಯ ಮನೆಯ ಮದುವೆಗೆ ಅಮೀನಾ ಹೊಸ ಕ್ಯಾಮೆರಾ ಒಯ್ದಳು. ಮುನ್ನೂರು ಫೋಟೋ. ಆಗಿನ್ನೂ ದೇವೀಂದ್ರಪ್ಪ ಕ್ಯಾಮೆರಾದ ಕಾರ್ಡನ್ನು ನೇರ ಯಂತ್ರಕ್ಕೆ ಹಾಕಿ, ಎಂದಿನಂತೆ ಟವೆಲ್ ಮುಚ್ಚಿ ಫೋಟೋ ಮಾಡಿಕೊಟ್ಟ. ಆಲ್ಬಮ್ ಕೊಡುವ ದಿನ ಮಾಲನ್‌ಬೀ ಲಕೋಟೆಯೊಳಗೆ ಕೈಯಾಡಿಸಿ, "ನೆಗೆಟಿವ್ ಎಲ್ಲಿ ಅವ ಅಮೀನಾ?" ಎಂದಳು. ರೀಲೇ ಇಲ್ಲವೆಂದು ಆ ಮುದುಕಿಗೆ ತಿಳಿಹೇಳುವಷ್ಟರಲ್ಲಿ ಅಮೀನಾ ಬೆವತಳು. ಕೊನೆಗೆ ಅವಳ ಕಣ್ಣೆದುರೇ ಕ್ಯಾಮೆರಾದ ಗುಂಡಿ ಒತ್ತಿ ಎಲ್ಲವನ್ನೂ ಅಳಿಸಿದಳು. ಪರದೆ ಖಾಲಿಯಾಯಿತು. "ಅಲ್ಲಾನ ಆಣಿ ಖಾಲಾ, ಇನ್ನ ನನ್ನ ಕಡೆ ಏನೂ ಇಲ್ಲ," ಎಂದಳು. ಮುಂಚೆ ಎಂದೂ ಆಣೆ ಇಡುವ ಪ್ರಸಂಗ ಬಂದಿರಲಿಲ್ಲ. ಲಕೋಟೆಯೇ ಸಾಕಾಗುತ್ತಿತ್ತು.

ಮುಂದಿನ ತಿಂಗಳು ಕಮಲಾಪುರದಿಂದ ಕರೆ ಬಂತು. ಕೆಂಪು ಬಾಳೆಹಣ್ಣಿನ ವ್ಯಾಪಾರಿ ನಬಿಸಾಬನ ಹಿರಿಯ ಮಗಳು ರುಕ್ಸಾನಾಳ ಮದುವೆ. ನಬಿಸಾಬನ ಹೆಂಡತಿ ಜೈತೂನ್‌ಬೀಯ ಮದುವೆಗೂ ಅಮೀನಾಳೇ ಫೋಟೋ ತೆಗೆದಿದ್ದಳು. ನೆಗೆಟಿವ್‌ಗಳ ಆ ಲಕೋಟೆಯನ್ನು ನಬಿಸಾಬ ಇಂದಿಗೂ ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟಿದ್ದಾನೆಂದು ಜೈತೂನ್ ಫೋನಿನಲ್ಲಿ ನಗುತ್ತ ಹೇಳಿದಳು.

ಮದುವೆಯ ದಿನ ಹೆಂಗಸರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮೀನಾ ಮೊದಲ ಫೋಟೋ ತೆಗೆದದ್ದೇ ತಡ, ಕೂತವರೆಲ್ಲ ಎದ್ದು ಅವಳ ಬೆನ್ನ ಹಿಂದೆ ಬಂದರು.

"ತೋರಸ್ರಿ ಆಪಾ, ತೋರಸ್ರಿ!"

"ಅಯ್ಯ, ನಾ ಕಣ್ಣ ಮುಚ್ಚೀನಿ. ಅಳಸ್ರಿ ಇದನ್ನ."

"ನನ್ನ ಮಾರಿ ಇಷ್ಟ ದಪ್ಪ ಕಾಣಸ್ತದೇನ? ಇನ್ನೊಂದು ತಗೀರಿ."

ಒಂದು ಫೋಟೋ ತೆಗೆದರೆ ಎರಡು ನಿಮಿಷ ತೋರಿಸುವುದೇ ಆಗುತ್ತಿತ್ತು. ಅದಕ್ಕಿಂತ ಅವಳನ್ನು ಕೆರಳಿಸಿದ್ದು ಬೇರೆ. ಒಮ್ಮೆ ತಮ್ಮ ಮುಖ ನೋಡಿಕೊಂಡ ಮೇಲೆ ಯಾರೂ ಮೊದಲಿನ ಹಾಗೆ ಕೂಡಲಿಲ್ಲ. ಒಬ್ಬಳು ತುಟಿ ಬಿಗಿದಳು, ಇನ್ನೊಬ್ಬಳು ಗದ್ದ ಎತ್ತಿದಳು. ಹತ್ತು ಫೋಟೋ ಆಗುವಷ್ಟರಲ್ಲಿ ಕೋಣೆಯ ಅಷ್ಟೂ ಹೆಂಗಸರು ಪಾಸ್‌ಪೋರ್ಟಿಗೆ ಕೂತವರಂತೆ ಆಗಿಬಿಟ್ಟರು. ಅಮೀನಾಗೂ ಅದೇ ರೋಗ ಹತ್ತಿತ್ತು. ಒತ್ತಿದ ಕೂಡಲೇ ಕಣ್ಣು ತಾನಾಗಿ ಪರದೆಗೆ ಹೋಗುತ್ತಿತ್ತು, ಎದುರಿನ ಮದುಮಗಳನ್ನು ಬಿಟ್ಟು.

ಮದುಮಗಳು ಒಮ್ಮೆ ಮಾತ್ರ ಮರೆತು ನಕ್ಕಳು. ಗೆಳತಿ ಏನೋ ಕಿವಿಯಲ್ಲಿ ಹೇಳಿದಳು, ರುಕ್ಸಾನಾ ಕತ್ತು ಹಿಂದಕ್ಕೆ ಹಾಕಿ ಬಾಯಿತುಂಬ ನಕ್ಕಳು, ಮೂಗಿನ ನತ್ತು ಕೆನ್ನೆಗೆ ಬಡಿಯಿತು. ಅಮೀನಾಳ ಬೆರಳು ಒತ್ತಿತ್ತು. ಇವತ್ತು ಬಂದದ್ದಕ್ಕೆ ಇದೊಂದು ಸಾರ್ಥಕ ಅಂದುಕೊಳ್ಳುವಷ್ಟರಲ್ಲಿ ಮದುಮಗನ ಅಕ್ಕ ಹಿಂದಿನಿಂದ ಬಗ್ಗಿ ನೋಡಿದಳು.

"ದುಲ್ಹನ್ ಹಿಂಗ ಹಲ್ಲ ತಗದು ನಕ್ಕರ ನೋಡಿದವರು ಏನಂತಾರ? ತಗೀರಿ ಇದನ್ನ."

"ಇರ್ಲಿ ಬಿಡ್ರಿ, ಚೆಂದ ಬಂದದ," ಎಂದಳು ಅಮೀನಾ.

ರುಕ್ಸಾನಾಳ ಮುಖ ಬಾಡಿಹೋಗಿತ್ತು. "ಅಳಸ್ರಿ ಆಪಾ," ಎಂದಳು ಮೆಲ್ಲಗೆ. ಅಮೀನಾ ಹಲ್ಲು ಕಚ್ಚಿ ಗುಂಡಿ ಒತ್ತಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಕ್ಯಾಮೆರಾವನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಕೈ ತೊಳೆಯಲು ಎದ್ದು ಹೋಗಿ ಬರುವಷ್ಟರಲ್ಲಿ ಅದು ಅಲ್ಲಿರಲಿಲ್ಲ.

"ಮದುಮಗನ ಅಕ್ಕ ಒಯ್ದಾಳ್ರಿ. ತಮ್ಮಗ ಒಂದ್ ಸಲ ತೋರಿಸಿ ಕೊಡ್ತಾಳಂತ," ಎಂದಳು ಯಾರೋ.

ಬಾಗಿಲ ಪರದೆ ಸರಿಸಿ ನೋಡಿದರೆ, ಅಂಗಳದ ಪೆಂಡಾಲಿನಲ್ಲಿ ಮದುಮಗನ ಸುತ್ತ ಅವನ ಗೆಳೆಯರು ಗುಂಪುಗಟ್ಟಿದ್ದರು. ಕ್ಯಾಮೆರಾ ಕೈಯಿಂದ ಕೈಗೆ ಹೋಗುತ್ತಿತ್ತು. ಒಬ್ಬನು ಗುಂಡಿ ಒತ್ತೊತ್ತಿ ಮುಂದಕ್ಕೆ ಸರಿಸುತ್ತಿದ್ದ. ಅದರಲ್ಲಿದ್ದದ್ದು ರುಕ್ಸಾನಾ ಒಬ್ಬಳೇ ಅಲ್ಲ, ಕೋಣೆಯ ಎಲ್ಲ ಹೆಂಗಸರೂ ಇದ್ದರು, ತಲೆಯ ಮೇಲೆ ಸೆರಗಿಲ್ಲದೆ, ಕಾಲು ಚಾಚಿ ಕೂತವರು, ಕೂಸಿಗೆ ಹಾಲು ಕುಡಿಸುತ್ತಿದ್ದವರು.

ಅಮೀನಾ ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. ನೆಟ್ಟಗೆ ಗಂಡಸರ ನಡುವೆ ನುಗ್ಗಿ ಕ್ಯಾಮೆರಾ ಕಿತ್ತುಕೊಂಡಳು. ಗದ್ದಲಕ್ಕೆ ನಬಿಸಾಬ ಓಡಿಬಂದ. ಆಗಿದ್ದೇನೆಂದು ಅವನಿಗೆ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಅವನ ಮುಖ ಕೆಂಪಗಾಯಿತು. ಆದರೆ ಮದುಮಗನಿಗೆ, ಹೊಸ ಬೀಗರಿಗೆ, ಅವತ್ತು ಅವನು ಏನು ಅನ್ನಬಲ್ಲ? ಅವರಿಗೆ ಅನ್ನಬೇಕಾದದ್ದನ್ನೆಲ್ಲ ಅಮೀನಾಳ ಮೇಲೆ ಸುರಿದ.

"ಇದಕ್ಕೇ ಏನ್ರಿ ನಿಮ್ಮನ್ನ ಕರಿಸಿದ್ದು? ಬ್ಯಾರೆ ಮಂದಿ ನೋಡೋದಿದ್ರ ಯಾವನರ ಗಂಡಸನ್ನೇ ಕರಸ್ತಿದ್ದೆ."

"ನಾ ಕೊಟ್ಟಿಲ್ಲ ಭಾಯಿ. ನಾ ಕೈ ತೊಳಿಲಿಕ್ಕೆ ಹೋದಾಗ..."

"ಮೊದಲ ಯಾರ್ ಒಯ್ದರೂ ಏನ್ ಕಾಣಸ್ತಿತ್ತು? ಬರೇ ಡಬ್ಬಿ ಕಾಣಸ್ತಿತ್ತು!" ಎಂದ ನಬಿಸಾಬ. "ರೀಲ್ ಕೊಡ್ರಿ ಈಗ."

ಅಮೀನಾ ಕ್ಯಾಮೆರಾದ ಹೊಟ್ಟೆ ತೆರೆದು ಉಗುರಿನಷ್ಟಗಲದ ಕಾರ್ಡನ್ನು ಅವನ ಕೈಗಿಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ತನ್ನನ್ನು ಯಾರೋ ಮಂಗ ಮಾಡುತ್ತಿದ್ದಾರೆಂಬ ಸಂಶಯ ಅವನ ಕಣ್ಣಲ್ಲಿತ್ತು. ಆದರೂ ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಖಾಲಿ ಕ್ಯಾಮೆರಾ ಹಿಡಿದು ಅವಳು ಬಸ್ಸಿನಲ್ಲಿ ಕಲಬುರಗಿಗೆ ಬಂದಳು. ಇಮಾಮುದ್ದೀನ್ ಎಲ್ಲ ಕೇಳಿ, "ಇಷ್ಟೇ ಏನು? ಈಗ ಎಲ್ಲಾರೂ ನೋಡ್ತಾರ. ದುನಿಯಾನೇ ಹಂಗ ಆಗೇದ," ಎಂದ.

"ದುನಿಯಾ ಹಂಗ ಆಗೇದಂತ ನನ್ನ ಯಾಕ ಬೈತಾರ ಮತ್ತ?" ಎಂದು ಅಮೀನಾ ಚೀರಿದಳು. ಆ ವಾರವೇ ಮೋಮಿನಪುರದ ಎರಡು ಮನೆಯವರು ಬೇರೆಯವರಿಗೆ ಹೇಳಿದ್ದೇವೆಂದು ತಿಳಿಸಿದರು. ಕಮಲಾಪುರದ ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು.

ಮೂರು ವಾರದ ಮೇಲೆ ಒಂದು ಮುಂಜಾನೆ ಜೈತೂನ್‌ಬೀ ಸ್ಟುಡಿಯೊಕ್ಕೆ ಬಂದಳು. ದವಾಖಾನೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ಸೆರಗಿನ ತುದಿಯ ಗಂಟು ಬಿಚ್ಚಿ ಕಾರ್ಡನ್ನು ಹೊರಗೆ ತೆಗೆದಳು.

"ನಮ್ಮ ಮನಿಯವರು ದಿನಾ ಅದನ್ನ ಕಿಟಕಿ ಮುಂದ ಹಿಡದು ನೋಡ್ತಾರ್ರಿ ಆಪಾ. ನೆಗೆಟಿವ್ ನೋಡ್ದಂಗ. ಏನ್ ಕಾಣಸ್ತದ ಅದರಾಗ? ಸಿಟ್ಟಿಗೆದ್ದು ಮತ್ತ ಟ್ರಂಕಿನಾಗ ಇಡ್ತಾರ. ಇವತ್ತ ಕೀಲಿ ಕದ್ದು ತಂದೀನಿ ಇದನ್ನ." ಹೇಳುತ್ತ ಹೇಳುತ್ತ ಅವಳ ಕಣ್ಣಲ್ಲಿ ನೀರು ಬಂತು. "ಮಗಳದೊಂದು ಫೋಟೋ ಇಲ್ಲ ಮನ್ಯಾಗ. ಹೋಗೋ ಮುಂದ ಅಕಿ ಒಂದೇ ಮಾತ ಹೇಳ್ಯಾಳ. ನಕ್ಕದ್ದು ಬೇಕಮ್ಮ ನನಗ, ಅಂತ."

ಆ ಫೋಟೋ ಅಮೀನಾ ತಾನೇ ಅಳಿಸಿದ್ದಳು. ರೀಲಾಗಿದ್ದರೆ ಅದು ಬೇಡವೆಂದರೂ ನೆಗೆಟಿವ್‌ನಲ್ಲಿ ಇರುತ್ತಿತ್ತು, ಬೇಕಾದಾಗ ಮತ್ತೆ ಕಾಗದಕ್ಕೆ ಇಳಿಸಬಹುದಿತ್ತು. ಆದರೂ ಇಬ್ಬರೂ ಆಟೋ ಹಿಡಿದು ದೇವೀಂದ್ರಪ್ಪನ ಲ್ಯಾಬಿಗೆ ಹೋದರು. ಉಳಿದ ಫೋಟೋಗಳನ್ನಾದರೂ ಮಾಡಿಸಿ ಕೊಡೋಣವೆಂದು ಅಮೀನಾಳ ವಿಚಾರ.

ದೇವೀಂದ್ರಪ್ಪನ ಲ್ಯಾಬಿನಲ್ಲಿ ಈಗ ಟವೆಲ್ ಮುಚ್ಚುವ ತಟ್ಟೆ ಇರಲಿಲ್ಲ. ಕಂಪ್ಯೂಟರಿತ್ತು. ಅರವತ್ತರ ಹತ್ತಿರದ ದೇವೀಂದ್ರಪ್ಪ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಒಂದೊಂದೇ ಗುಂಡಿ ಹುಡುಕಿ ಒತ್ತುತ್ತಿದ್ದ. ನೋಡದೆ ಕೆಲಸ ಮಾಡುವ ಹಾಗೇ ಇರಲಿಲ್ಲ. ಅವನು ರಸ್ತೆಯ ಕಡೆಗಿದ್ದ ಮಾನಿಟರನ್ನು ಗೋಡೆಗೆ ತಿರುಗಿಸಿದ, ಅಷ್ಟೇ ಅವನ ಕೈಲಿದ್ದದ್ದು. ಕಾರ್ಡು ಹಾಕಿದ. ತೊಂಬತ್ತು ಫೋಟೋ ಬಂದವು. ನಡುನಡುವೆ ನಂಬರು ಹಾರಿಹೋಗಿದ್ದವು.

"ನಕ್ಕದ್ದು ಅಳಸಿಬಿಟ್ಟೀನಿ ಜೈತೂನ್," ಎಂದಳು ಅಮೀನಾ. "ನಿನ್ನ ಅಳಿಯನ ಅಕ್ಕ ಅಳಸಂದ್ಲು, ನಿನ್ನ ಮಗಳೂ ಅಂದ್ಲು."

ದೇವೀಂದ್ರಪ್ಪ ಇಬ್ಬರನ್ನೂ ನೋಡಿ ತಲೆ ಕೆರೆದುಕೊಂಡ. "ಇರ್ರಿ ಅಮೀನಾಬಿ. ಕಂಪ್ಯೂಟರ್ ಕೊಟ್ಟಾವ ಒಂದು ಸಿ.ಡಿ. ಕೊಟ್ಟಾನ. ಅಳಸಿದ್ದನ್ನೂ ತಗದು ಕೊಡ್ತದ ಅಂದಿದ್ದ. ನಾ ಇನ್ನೂ ಹಚ್ಚಿ ನೋಡಿಲ್ಲ."

ಅರ್ಧ ತಾಸು ಹಿಡಿಯಿತು. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು ಒಂದೊಂದಾಗಿ ಮೂಡತೊಡಗಿದವು. ಕಣ್ಣು ಮುಚ್ಚಿದ್ದಕ್ಕೆ ಅಳಿಸಿದ್ದು, ದಪ್ಪ ಕಂಡದ್ದಕ್ಕೆ ಅಳಿಸಿದ್ದು. ಆಮೇಲೆ ರುಕ್ಸಾನಾ, ಕತ್ತು ಹಿಂದಕ್ಕೆ ಹಾಕಿ, ನತ್ತು ಕೆನ್ನೆಗೆ ತಾಗಿ.

"ಬಂತು! ಬಂತು ಆಪಾ!" ಜೈತೂನ್ ಅಮೀನಾಳ ತೋಳು ಹಿಡಿದು ಅಲುಗಾಡಿಸಿದಳು. ದೇವೀಂದ್ರಪ್ಪನೂ ದೊಡ್ಡದೇನೋ ಗೆದ್ದವನಂತೆ ನಕ್ಕ.

ಆದರೆ ಚೌಕಗಳು ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ಬರುತ್ತಲೇ ಇದ್ದವು. ಬೇರೆ ಕೋಣೆ, ಹಸಿರು ಬಣ್ಣದ ಗೋಡೆ, ಬೇರೆ ಮುಖಗಳು. ಮಾಲನ್‌ಬೀಯ ಸೊಸೆ ಕೂದಲು ಬಿಚ್ಚಿ ಕೂತಿದ್ದಳು. ಮುದುಕಿಯ ಮೊಮ್ಮಗಳಿಗೆ ಹಳದಿ ಹಚ್ಚುತ್ತಿದ್ದರು. ರೋಜಾದ ಮನೆ. ಆಣೆ ಇಟ್ಟು ಅಳಿಸಿದ ಮುನ್ನೂರರೊಳಗಿನ ಫೋಟೋಗಳು.

ಅಮೀನಾ ಏನು ಮಾಡುತ್ತಿದ್ದೇನೆಂದು ಯೋಚಿಸಲಿಲ್ಲ. ಮೈಮೇಲಿನ ದುಪಟ್ಟಾ ಎಳೆದು ಮಾನಿಟರಿನ ಮೇಲೆ ಹಾಕಿ ಎರಡೂ ಕೈಯಿಂದ ಒತ್ತಿ ಹಿಡಿದಳು. "ನಿಲ್ಸ್ರಿ ಅಣ್ಣಾರ! ನಿಲ್ಸ್ರಿ ಅದನ್ನ!"

ದೇವೀಂದ್ರಪ್ಪ ಗಾಬರಿಯಿಂದ ಮುಖ ತಿರುಗಿಸಿ, ಕೈ ತಡಕಾಡಿ ಮಾನಿಟರ್ ಆರಿಸಿದ. ಪೆಟ್ಟಿಗೆಯೊಳಗೆ ಯಂತ್ರ ಗುರುಗುಟ್ಟುತ್ತಲೇ ಇತ್ತು.

ಅವಳು ಸ್ಟೂಲಿನ ಮೇಲೆ ಕೂತಳು. ಸಿಟ್ಟು ಯಾರ ಮೇಲೆಂದು ಅವಳಿಗೇ ಗೊತ್ತಾಗಲಿಲ್ಲ. ಗಂಡನ ಮೇಲೆ? ಈ ಹಾಳು ಚೂರಿನ ಮೇಲೆ? ಅಲ್ಲಾನ ಹೆಸರು ಹೇಳಿ ತಾನು ಸುಳ್ಳಾಡಿದ್ದಳು, ಸುಳ್ಳೆಂದು ತನಗೇ ತಿಳಿಯದೆ. ಮೂರು ವಾರ ಆ ಹೆಣ್ಣುಮಕ್ಕಳು ಕಮಲಾಪುರದ ಒಬ್ಬ ಪರಪುರುಷನ ಟ್ರಂಕಿನಲ್ಲಿದ್ದರು.

ರುಕ್ಸಾನಾಳ ಫೋಟೋಗಳಷ್ಟನ್ನೇ ಮಾಡಿಸಿದರು. ಮುಗಿದ ಮೇಲೆ ದೇವೀಂದ್ರಪ್ಪ ಕಂಪ್ಯೂಟರಿಗೆ ಬಂದದ್ದನ್ನೆಲ್ಲ ಅವಳೆದುರೇ ಅಳಿಸಿದ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡ.

"ಅಳಸೀನ್ರಿ ಅಮೀನಾಬಿ. ಖರೇ ಹೇಳ್ಬೇಕಂದ್ರ, ಅಳಸೋದು ಅಂದ್ರ ಏನಂಬೋದು ಈಗ ನೀವೂ ನೋಡಿದ್ರಿ, ನಾನೂ ನೋಡ್ದೆ. ಇದರಾಗ ಎಲ್ಲಿ ಉಳದದೋ ನನಗ ಗೊತ್ತಿಲ್ಲ. ಮೊದಲಾದ್ರ ಟವೆಲ್ ಮುಚ್ಚತಿದ್ದೆ."

ಹೊರಗೆ ಬಂದ ಮೇಲೆ ಜೈತೂನ್ ಕಾರ್ಡಿಗೆ ಕೈ ಚಾಚಿದಳು. "ಕೊಡ್ರಿ ಆಪಾ, ಅವರು ಬರೋದ್ರಾಗ ಟ್ರಂಕಿನಾಗ ಇಡಬೇಕು."

"ಇದನ್ನ ಕೊಡಲಿಕ್ಕೆ ಬರಂಗಿಲ್ಲ."

"ಕೊಡ್ದಿದ್ರ ನನ್ನ ಜೀವಾ ತಿಂತಾರ್ರಿ!"

"ನಾನೇ ಬರ್ತೀನಿ ನಡಿ."

ಬಸ್ಸಿನಲ್ಲಿ ಜೈತೂನ್ ದಾರಿಯುದ್ದಕ್ಕೂ ಬೇಡವೆಂದು ಬೇಡಿಕೊಂಡಳು. ಅಮೀನಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಸುಮ್ಮನೆ ಬೇರೊಂದು ಖಾಲಿ ಕಾರ್ಡು ಕೊಟ್ಟು ಕಳಿಸಬಹುದಿತ್ತು, ನಬಿಸಾಬನಿಗೆ ಎರಡರ ನಡುವಿನ ಫರಕು ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಆ ವಿಚಾರ ಅವಳಿಗೆ ಎರಡು ಸಲ ಬಂತು. ಎರಡು ಸಲವೂ ಮಾಲನ್‌ಬೀಯ ಎದುರು ಇಟ್ಟ ಆಣೆ ಅಡ್ಡ ಬಂತು.

ನಬಿಸಾಬ ಅಂಗಳದಲ್ಲಿ ಬಾಳೆಗೊನೆ ಎಣಿಸಿ ಜೋಡಿಸುತ್ತಿದ್ದ. ಇಬ್ಬರನ್ನೂ ಒಟ್ಟಿಗೆ ಕಂಡು ಸೆಟೆದು ನಿಂತ. ಅಮೀನಾ ಕೂಡಲಿಲ್ಲ, ನೀರೂ ಮುಟ್ಟಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು.

"ಜೈತೂನ್‌ಗ ಏನೂ ಅನಬ್ಯಾಡ್ರಿ ಭಾಯಿ, ತಾಯಿ ಜೀವ, ಬಂದಿದ್ಲು. ಈ ಕಾರ್ಡಿನಾಗ ನಿಮ್ಮ ಮಗಳಷ್ಟೇ ಇಲ್ಲ. ರೋಜಾದ ಒಂದು ಮನಿ ಹೆಣ್ಮಕ್ಕಳೂ ಅದಾರ. ಅಳಸೀನಿ ಅಂತ ಆಣಿ ಮಾಡಿದ್ದೆ. ಅಳಸಿ ಹೋಗಿದ್ದಿಲ್ಲ. ಅದಕ್ಕ ಇದನ್ನ ನಿಮಗ ಕೊಡಂಗಿಲ್ಲ."

ನಬಿಸಾಬನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆದಾಗ ಅವನ ಕೈ ಕಿವಿಗೆ ಹೋಯಿತು. "ತೌಬಾ! ಮತ್ತೊಬ್ಬರ ಹೆಣ್ಮಕ್ಕಳು ನನ್ನ ಟ್ರಂಕಿನಾಗ?"

"ನಿಮಗ ಕಾಣ್ತಿದ್ದಿಲ್ಲ ಬಿಡ್ರಿ."

"ಕಾಣದಿದ್ರೇನ್ರಿ, ಇಟ್ಟವ ನಾನೇ ಅಲ್ಲ?"

ಅವನು ಗೊನೆ ಕಡಿಯುವ ಕೊಯ್ತಾ ಎತ್ತಿಕೊಂಡ. ಕಾರ್ಡನ್ನು ಕಟ್ಟೆಯ ಕಲ್ಲಿನ ಮೇಲಿಡಲು ಹೇಳಿ ಎರಡು ಏಟು ಹಾಕಿದ. ಅದು ನಾಲ್ಕು ಚೂರಾಗಿ ಸಿಡಿಯಿತು. ಜೈತೂನ್ ಆ ಸಂದಿನಲ್ಲಿ ಫೋಟೋದ ಲಕೋಟೆ ಅವನ ಮುಂದೆ ಹಿಡಿದಳು. ಮೇಲೆಯೇ ನಗುವ ರುಕ್ಸಾನಾ ಇದ್ದಳು. ಅವನು ಬಹಳ ಹೊತ್ತು ನೋಡಿದ, ಮಗಳು ಮನೆಯಲ್ಲಿದ್ದಾಗ ಹೀಗೇ ನಗುತ್ತಿದ್ದಳೆಂದು ಈಗ ನೆನಪಾದವನಂತೆ. ಅವನ ದನಿ ತಗ್ಗಿತು.

"ಈಗ ಮುಗೀತಲ್ರಿ ಅಮೀನಾಬಿ? ಇನ್ನ ಎಲ್ಲೂ ಏನೂ ಇಲ್ಲಲ್ಲ?"

ಹೌದು ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಜೈತೂನ್ ಹಾಗೆಯೇ ಹೇಳೆಂದು ಕಣ್ಣಲ್ಲೇ ಸನ್ನೆ ಮಾಡಿದಳು.

"ಗೊತ್ತಿಲ್ಲ ಭಾಯಿ," ಎಂದಳು ಅಮೀನಾ. "ದೇವೀಂದ್ರಪ್ಪನ ಕಂಪ್ಯೂಟರಿನಾಗ ಹಾಕಿದ್ವಿ. ಅವರು ಅಳಸ್ಯಾರ. ಹ್ವಾದವೋ ಇಲ್ಲೋ ಅವರಿಗೂ ಗೊತ್ತಿಲ್ಲ."

"ಮೊದಲ ನೀವು ಹಿಂಗ ಹೇಳ್ತಿದ್ದಿಲ್ಲ."

"ಮೊದಲ ನನಗ ಗೊತ್ತಿರ್ತಿತ್ತು."

ನಬಿಸಾಬ ಅವಳನ್ನು ದಿಟ್ಟಿಸಿ ನೋಡಿದ. ಸಿಟ್ಟು ಮಾಡುತ್ತಾನೆಂದು ಅವಳು ಕಾದಳು. ಅವನು ಕೊಯ್ತಾ ಕೆಳಗಿಟ್ಟು ಕಟ್ಟೆಯ ಮೇಲೆ ಕೂತ. "ಸಣ್ಣಾಕಿ ಮದಿವಿ ಬರೋ ವರ್ಷ ಅದ," ಎಂದ. "ನಿಮ್ಮ ಹಳೇ ರೀಲಿನ ಕ್ಯಾಮೆರಾ ಅದ ಇಲ್ರಿ?"

"ಕ್ಯಾಮೆರಾ ಅದ. ರೀಲ್ ತೊಳಿಯೋ ಮಷೀನ್ ದೇವೀಂದ್ರಪ್ಪ ಹ್ವಾದ ತಿಂಗಳ ಮಾರ್‍ಯಾರ."

"ಕರೀ-ಬಿಳೀದು ನೀವೇ ಮನ್ಯಾಗ ತೊಳೀತಿದ್ರಿ. ಅದೇ ಆಗ್ಲಿ. ನಮಗ ಬಣ್ಣ ಬ್ಯಾಡ."

"ಅದರ ಕಾಗದ ಈಗ ಕಲಬುರ್ಗಿಗೆ ಬರಂಗಿಲ್ರಿ ಭಾಯಿ. ಎರಡು ವರ್ಷ ಆತು."

ಹುಮನಾಬಾದಿನ ಕಡೆಯಿಂದ ಕಲಬುರಗಿ ಬಸ್ಸು ಬರುವ ಹೊತ್ತಾಗಿತ್ತು. ಅಮೀನಾ ಕಲ್ಲಿನ ಮೇಲಿದ್ದ ನಾಲ್ಕೂ ಚೂರುಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡಳು. ಇವತ್ತೇ ರೋಜಾಕ್ಕೆ ಹೋಗಿ ಮಾಲನ್‌ಬೀಗೆ ಇವನ್ನು ತೋರಿಸಿ, ಇದ್ದದ್ದು ಇದ್ದ ಹಾಗೆ ಹೇಳಬೇಕಾಗಿತ್ತು. ಮುದುಕಿ ಏನೆನ್ನುತ್ತಾಳೋ ಎಂದು ಯೋಚಿಸುತ್ತ ಅವಳು ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದಳು.